ಇಲ್ಲದ ಮಾವಿನ ಮರ

“ಇನ್ನೊಂಚೂರು ಕಣ್ಣಲ್ಲಿ ನೀರು ಬರೋ ಹಂಗೆ ಬರಿ ಅನ್ನೇ ಅದಕ್ಕೆ” ಎಂದಳು ಶಿವರತ್ನಮ್ಮ, ಹಲ್ಲಿನಲ್ಲಿ ಕಚ್ಚಿದ್ದ ರೇಷ್ಮೆ ದಾರವನ್ನು ಬಿಡದೆ.

ಮಗಳು ನಾಗಶ್ರೀ ಫೋನನ್ನು ಬಾಯಿಯ ಹತ್ತಿರ ಹಿಡಿದು, ಕಿವಿ ಮಂದವಾದವರಿಗೆ ಹೇಳುವ ಹಾಗೆ ಬಿಡಿಸಿ ಬಿಡಿಸಿ ಹೇಳಿದಳು: “ಇನ್ನೂ ಸ್ವಲ್ಪ ಭಾವನಾತ್ಮಕವಾಗಿ ಬರಿ.” ಫೋನು ಒಂದು ಗಳಿಗೆ ಯೋಚನೆ ಮಾಡುವವರಂತೆ ನಟಿಸಿ, ಆಮೇಲೆ ಸರಸರನೆ ಸಾಲು ಸಾಲಾಗಿ ಬರೆದುಕೊಟ್ಟಿತು. ಕಿಟಕಿಯ ಸರಳಿಗೆ ಕಟ್ಟಿದ್ದ ಸೀರೆಯ ಸೆರಗಿಗೆ ಕುಚ್ಚು ಹಾಕುತ್ತಿದ್ದ ಶಿವರತ್ನಮ್ಮ, ಮಗಳು ಓದಿದ್ದನ್ನು ಕೈ ನಿಲ್ಲಿಸಿ ಕೇಳಿಸಿಕೊಂಡಳು.

“ಪ್ರೀತಿಯ ಅಕ್ಕ, ಕಾಲದ ಹರಿವಿನಲ್ಲಿ ನಮ್ಮಿಬ್ಬರ ನಡುವೆ ಮೌನದ ಗೋಡೆಯೊಂದು ಎದ್ದು ನಿಂತಿದೆ. ತಿಳಿದೋ ತಿಳಿಯದೆಯೋ ನನ್ನಿಂದಾದ ತಪ್ಪನ್ನು ಕ್ಷಮಿಸು. ಹಿತ್ತಲಿನ ಮಾವಿನ ಮರದ ನೆರಳಲ್ಲಿ ನಾವಿಬ್ಬರೂ ಆಡಿ ಬೆಳೆದ ಆ ದಿನಗಳು ಇಂದಿಗೂ ನನ್ನ ಮನದಲ್ಲಿ ಹಸಿರಾಗಿವೆ...”

“ತಡಿಯೇ. ನಮ್ಮಪ್ಪನ ಮನೇಲಿ ಮಾವಿನ ಮರ ಎಲ್ಲಿತ್ತು?”

“ಅದಕ್ಕೇನು ಗೊತ್ತಮ್ಮ? ಹಳ್ಳಿ, ಅಕ್ಕ ತಂಗಿ ಅಂದೆ. ಹಂಗಾದ್ರೆ ಒಂದು ಮರ ಇದ್ದೇ ಇರುತ್ತೆ ಅಂತ ಅದೇ ಸೇರಿಸ್ಕೊಂಡಿದೆ. ತೆಗಿಸ್ಲಾ?”

ಶಿವರತ್ನಮ್ಮ ಯೋಚಿಸಿದಳು. ಅವರ ಹಿತ್ತಲಲ್ಲಿ ಇದ್ದದ್ದು ತಿಪ್ಪೆಗುಂಡಿ ಮತ್ತು ಒಂದು ಎಮ್ಮೆ. ಅದನ್ನು ಬರೆದರೆ ಯಾರ ಕಣ್ಣಲ್ಲೂ ನೀರು ಬರುವುದಿಲ್ಲ. “ಇರ್ಲಿ ಬುಡು, ಓದಕ್ಕೆ ಚೆಂದಾಗದೆ. ಕಳ್ಸು” ಎಂದಳು.

ಶಿವರತ್ನಮ್ಮನ ಮನೆಯಿದ್ದ ಕೊಳ್ಳೇಗಾಲದಿಂದ ಅಕ್ಕನ ಊರು ಅಜ್ಜೀಪುರ ದೂರವೇನಲ್ಲ. ಬೆಟ್ಟದ ಕಡೆಯ ಬಸ್ಸು ಹತ್ತಿದರೆ, ಹನೂರು ದಾಟಿ ಒಂದು ನಿದ್ದೆ ತೆಗೆಯುವಷ್ಟರಲ್ಲಿ ಇಳಿಯಬೇಕು. ಆದರೆ ಅಕ್ಕ ಪುಟ್ಟಬಸಮ್ಮನಿಗೂ ತಂಗಿ ಶಿವರತ್ನಮ್ಮನಿಗೂ ಮಾತು ನಿಂತು ಎರಡು ವರ್ಷವಾಗಿತ್ತು. ಈ ಹೊಸ ಮನೆಯ ಗೃಹಪ್ರವೇಶಕ್ಕೆ ಅಕ್ಕನನ್ನು ಹೋಗಿ ಕರೆಯಲಿಲ್ಲ ಎನ್ನುವುದೇ ಜಗಳದ ಮೂಲ. ನಮ್ಮ ಕಡೆ ಒಡಹುಟ್ಟಿದವರನ್ನು ಶುಭಕಾರ್ಯಕ್ಕೆ ಕರೆಯಬೇಕೆಂದರೆ ಎಲೆ ಅಡಿಕೆ, ಕುಂಕುಮದ ಬಟ್ಟಲು ಹಿಡಿದು ಬಾಗಿಲಿಗೇ ಹೋಗಬೇಕು. ಶಿವರತ್ನಮ್ಮ ಹೋಗಿರಲಿಲ್ಲ. ಅಕ್ಕನ ಸೊಸೆ ಕೋಮಲಳ ವಾಟ್ಸಾಪಿಗೆ ಒಂದು ಕಾರ್ಡು ಬಿಟ್ಟಿದ್ದಳು, ಅಷ್ಟೆ. ಅಕ್ಕ ಬರಲಿಲ್ಲ. ಆಮೇಲೆ ಫೋನು ಮಾಡಿದರೆ ಎತ್ತಲಿಲ್ಲ. ಹನೂರಿನಲ್ಲಿ ನೆಂಟರೊಬ್ಬರ ತಿಥಿಯಲ್ಲಿ ಎದುರಿಗೆ ಸಿಕ್ಕಾಗ, ಪಂಕ್ತಿಯಲ್ಲಿ ಪಕ್ಕದ ಎಲೆ ಖಾಲಿಯಿದ್ದರೂ ಅಕ್ಕ ಎದ್ದು ಆ ಕಡೆಯ ಸಾಲಿಗೆ ಹೋಗಿ ಕೂತಿದ್ದಳು. ಅಷ್ಟು ಜನರ ಮುಂದೆ ಆದ ಆ ಅವಮಾನ ಶಿವರತ್ನಮ್ಮನ ಹೊಟ್ಟೆಯಲ್ಲಿ ಇನ್ನೂ ಕರಗಿರಲಿಲ್ಲ.

ಈಗ ನಾಗಶ್ರೀಯ ಮದುವೆ ಮುಂದಿನ ಸೋಮವಾರ. ದೊಡ್ಡವ್ವ ಇಲ್ಲದೆ ಹಸೆಮಣೆ ಏರುವುದಿಲ್ಲ ಎಂದು ಹುಡುಗಿ ಹಟ ಹಿಡಿದಿದ್ದಳು. ತಾಯಿಗೂ ಒಳಗೊಳಗೇ ಅದೇ ಆಸೆ. ಆದರೆ ಹೋದಮೇಲೆ ಅಕ್ಕ ಬಾಗಿಲು ಹಾಕಿಕೊಂಡರೆ? ಬೀದಿಯಲ್ಲಿ ಎಲೆ ಅಡಿಕೆ ಹಿಡಿದು ನಿಲ್ಲುವ ಧೈರ್ಯ ಅವಳಿಗಿರಲಿಲ್ಲ. ಹಾಗಾಗಿ ಯಾವ ದಾರಿಯಲ್ಲಿ ಸಂಬಂಧ ಕೆಟ್ಟಿತ್ತೋ ಅದೇ ದಾರಿಯಲ್ಲಿ ಅದನ್ನು ಸರಿಮಾಡಲು ಹೊರಟಿದ್ದಳು, ಒಂದಿಷ್ಟು ಒಳ್ಳೆಯ ಕನ್ನಡ ಸೇರಿಸಿ.

ಮಾರನೆಯ ದಿನ ಉತ್ತರ ಬಂತು. ಅದೂ ಎಂಥ ಉತ್ತರ! “ಮುದ್ದಿನ ತಂಗಿ, ನಿನ್ನ ಮಾತುಗಳು ನನ್ನ ಹೃದಯವನ್ನು ತಟ್ಟಿದವು. ಕಹಿಯನ್ನು ಮರೆತು ಮುನ್ನಡೆಯೋಣ. ನಾಗಶ್ರೀಯ ಮದುವೆಗೆ ನಾನು ತಪ್ಪದೆ ಬಂದು ಹರಸುತ್ತೇನೆ.” ಶಿವರತ್ನಮ್ಮ ಕುಚ್ಚಿನ ಸೀರೆಗೆ ತಾಗದ ಹಾಗೆ ಸೆರಗು ಹಿಡಿದು ಅತ್ತಳು. ಗಂಡ ಗುರುಪ್ರಕಾಶ್ ಕೆಲಸದಿಂದ ಬಂದು ಚಪ್ಪಲಿ ಬಿಡುವ ಮೊದಲೇ ಓದಿಸಿ ಕೇಳಿಸಿದಳು. ಎದುರುಮನೆಯ ಗೋವಿಂದಮ್ಮನನ್ನೂ ಕರೆದು ಕೇಳಿಸಿದಳು. ಗೋವಿಂದಮ್ಮನೂ ಅತ್ತಳು. ಅವಳದು ಯಾವುದಕ್ಕೂ ಬೇಗ ಅಳುವ ಸ್ವಭಾವ, ಆ ಮಾತು ಬೇರೆ.

ಬೆಳಗ್ಗೆ ಕಾಫಿ ಕುಡಿಯುವಾಗ ಶಿವರತ್ನಮ್ಮ ಮತ್ತೆ ಓದಿಸಿದಳು. ಸಂತೋಷದ ಗಡಿಬಿಡಿಯಲ್ಲಿ ಇಷ್ಟು ಹೊತ್ತು ಕಿವಿಗೆ ಬೀಳದಿದ್ದ ಒಂದು ಸಾಲು ಈಗ ಬಿತ್ತು.

“ಏನಂದೆ? ಇನ್ನೊಂದ್ಸಲ ಓದು.”

“‘ನಮ್ಮ ಹಿತ್ತಲಿನ ಆ ಮಾವಿನ ಮರದ ಹಣ್ಣಿನ ರುಚಿಯನ್ನು ನಾನೂ ಮರೆತಿಲ್ಲ.’”

ಶಿವರತ್ನಮ್ಮ ಲೋಟ ಕೆಳಗಿಟ್ಟಳು. “ಇದು ನಮ್ಮಕ್ಕ ಹೇಳಿದ್ದಲ್ಲ” ಎಂದಳು.

“ದೊಡ್ಡವ್ವನೂ ಫೋನಲ್ಲೇ ಬರೆಸಿರ್ಬೋದಲ್ವಾಮ್ಮ, ನಾವು ಬರೆಸಿದ ಹಂಗೆ.”

“ಬರ್ಸಲಿ. ನಮ್ಮಕ್ಕಂಗೆ ಈ ಕಾಗ್ದ ಓದಿ ಹೇಳಿದ್ರೆ, ಮೊದ್ಲು ‘ಯಾವ್ ಮಾವಿನ ಮರ, ನಿನ್ ತಲೆ’ ಅಂತ ಬೈದಿರೋಳು. ಇಲ್ದೇ ಇರೋ ಮರದ ಅಣ್ಣು ತಿಂದೆ ಅನ್ನೋ ಎಂಗ್ಸಲ್ಲ ಅವ್ಳು. ಅವ್ಳಿಗೆ ಯಾರೂ ಏನೂ ಹೇಳೇ ಇಲ್ಲ ಕಣೇ.”

ಎರಡು ಫೋನುಗಳು ಕೂತು ತಮ್ಮ ತಮ್ಮಲ್ಲೇ ರಾಜಿಯಾಗಿದ್ದವು. ಅಕ್ಕ ತಂಗಿಯರ ಮಾತು ಮಾತ್ರ ಎಲ್ಲಿತ್ತೋ ಅಲ್ಲೇ ನಿಂತಿತ್ತು. ನಿನ್ನೆ ಅಷ್ಟು ಅತ್ತಿದ್ದಕ್ಕೆ ಶಿವರತ್ನಮ್ಮನಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಅಕ್ಕ ಬರುತ್ತಾಳೆಂದು ನಂಬಿಕೊಂಡು ಸೋಮವಾರದ ತನಕ ಸುಮ್ಮನೆ ಕೂತುಬಿಡುತ್ತಿದ್ದೆನಲ್ಲ ಎಂದುಕೊಂಡಳು. ಸೀರೆಯನ್ನು ಹಾಗೇ ಸರಳಿಗೆ ಬಿಟ್ಟು, ಬ್ಯಾಗಿಗೆ ಎಲೆ ಅಡಿಕೆ, ಬಾಳೆಹಣ್ಣು, ಲಗ್ನಪತ್ರಿಕೆ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದಳು.

ಅಜ್ಜೀಪುರದಲ್ಲಿ ಅಕ್ಕನ ಮನೆಯ ಬಾಗಿಲು ತೆರೆದೇ ಇತ್ತು. ಪುಟ್ಟಬಸಮ್ಮ ಅಂಗಳದಲ್ಲಿ ಕಾಲು ಚಾಚಿ ಕೂತು ಹುರುಳಿ ಕೇರುತ್ತಿದ್ದಳು. ಮೊದಲು ನೋಡಿದ್ದು ಸೊಸೆ ಕೋಮಲ. ನೋಡಿದವಳ ಮುಖ ಇಳಿದುಹೋಯಿತು.

“ಅಕ್ಕ” ಎಂದಳು ಶಿವರತ್ನಮ್ಮ.

ಮೊರ ನಿಲ್ಲಲಿಲ್ಲ. ಹೊಟ್ಟು ಹಾರುತ್ತಲೇ ಇತ್ತು. ಅಕ್ಕ ತಲೆ ಎತ್ತದೆ ಕೇಳಿದಳು: “ಯಾರ್ ಸತ್ರು?”

“ಯಾರೂ ಸತ್ತಿಲ್ಲ ಕಣಕ್ಕ. ಯಾಕಂಗಂತೀಯ?”

“ಮೊನ್ನೆ ಇವ್ಳು ಫೋನ್ ಇಡ್ಕಂಡು, ನಿಮ್ ತಂಗಿ ಕಳ್ಸವ್ರೆ ಅಂತ ಅದೇನೋ ಓದಕ್ಕೆ ಸುರು ಮಾಡುದ್ಲು. ಕಾಲ ಅಂತೆ, ಮೌನ ಅಂತೆ. ಯಾರೋ ಓಗ್ಬುಟ್ರು, ಪ್ಲೆಕ್ಸ್‌ಗೆ ಬರ್ಸವ್ರೆ ಅಂದ್ಕಂಡು ನಾನು ಎದ್ದು ದನ ಕಟ್ಟಕ್ಕೆ ಓದೆ.”

ಶಿವರತ್ನಮ್ಮ ಕೋಮಲಳ ಕಡೆ ನೋಡಿದಳು. ಕೋಮಲ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದಳು. “ನಾನೇ ಕಳ್ಸಿದ್ದು ಚಿಕ್ಕತ್ತೆ” ಎಂದಳು ಸಣ್ಣ ದನಿಯಲ್ಲಿ. “ಅತ್ತೆ ಪೂರ್ತಿ ಕೇಳ್ನಿಲ್ಲ. ನೀವು ಅಲ್ಲಿ ಕಾಯ್ತಾ ಕೂತಿರ್ತೀರಲ್ಲ ಅಂತ ಸಂಕ್ಟ ಆಯ್ತು. ನಿಮ್ದನ್ನ ಫೋನ್ಗೇ ಆಕಿ, ಇದಕ್ಕೆ ಒಂದೊಳ್ಳೆ ಉತ್ತರ ಬರ್ಕೊಡು ಅಂದೆ. ಮದ್ವೆಗೆ ಬತ್ತೀನಿ ಅನ್ನು ಅಂತ ನಾನು ಹೇಳಿರ್ನಿಲ್ಲ. ಅದೇ ಬರ್ಕಂಡ್ಬುಡ್ತು. ಓದುದ್ರೆ ಅಷ್ಟು ಚೆಂದಾಗಿತ್ತು. ಅಳ್ಸಕ್ಕೆ ಮನ್ಸಾಗ್ನಿಲ್ಲ.”

“ನನ್ನೆಸ್ರಲ್ಲಿ ಬತ್ತೀನಿ ಅಂದ್ಬುಟ್ಟಿದ್ದೀಯಾ?” ಪುಟ್ಟಬಸಮ್ಮ ಮೊರ ಕೆಳಗಿಟ್ಟಳು.

“ಮಾವಿನ ಅಣ್ಣು ತಿಂದಿದ್ದೂ ನೆಪ್ಪದೆ ಅಂದಿದ್ದೀಯ ಅಕ್ಕ” ಎಂದಳು ಶಿವರತ್ನಮ್ಮ, ಕೋಮಲಳನ್ನು ಉಳಿಸುವ ಆತುರದಲ್ಲಿ. “ನಮ್ಮನೆ ಇತ್ಲಲ್ಲಿ ಮಾವಿನ ಮರ ಇತ್ತಂತೆ.”

“ಮಾವಿನ ಮರ! ಮಾದಪ್ಪನಾಣೆ, ಒಂದ್ ಬೇವಿನ ಕಡ್ಡಿ ಬೇಕಂದ್ರೂ ಆಚೆ ಬೀದಿಗ್ ಓಗ್ತಿದ್ದೊ. ಸುಳ್ಳು ಯೋಳದ್ನ ನೀನೇ ಸುರು ಮಾಡಿ, ನನ್ ಸೊಸೆಗೂ ಕಲ್ಸುದ್ಯಾ?”

ಅಕ್ಕ ನಗಬಹುದು ಎಂದು ಶಿವರತ್ನಮ್ಮ ಒಂದು ಕ್ಷಣ ಆಸೆಪಟ್ಟಳು. ಅಕ್ಕ ನಗಲಿಲ್ಲ. ಸೀರೆಗೆ ಅಂಟಿದ ಹೊಟ್ಟು ಕೊಡವಿಕೊಂಡು, ಎರಡು ವರ್ಷದಲ್ಲಿ ಮೊದಲ ಸಲ ತಂಗಿಯ ಮುಖವನ್ನು ನೇರವಾಗಿ ನೋಡಿದಳು.

“ನೀನು ಯಳಂದೂರ್ಗೆ ಓಗಿ ನಿನ್ ನಾದ್ನಿನ ಕರ್ದೆ. ಬಟ್ಲು ಇಡ್ಕಂಡು, ರವ್ಕೆ ಕಣ ಕೊಟ್ಟು ಕರ್ದೆ. ಅವ್ಳೇ ನಂಗೆ ಯೋಳುದ್ಲು. ನಂಗೆ ಫೋನ್ಲಿ ಕಾರ್ಡು. ಯಾಕೆ ಅಂತ ನಂಗೊತ್ತಿಲ್ವಾ? ನಿಮ್ ಬಾವ ಸತ್ತು ವರ್ಸ ತುಂಬಿತ್ತು ಆಗ. ಮುಂಡೆ ಬಂದು ಒಸ ಮನೆ ಒಸ್ಲು ತುಳುದ್ರೆ ಒಳ್ಳೇದಾಗಲ್ಲ ಅಂತ ತಾನೇ? ಊರೋರು ಅನ್ಲಿ. ಯಾರಾದ್ರೂ ಅನ್ಲಿ. ನಾನೆತ್ತಿ ಆಡ್ಸಿದ್ ಕೂಸು ಕಣೇ ನೀನು.”

ಈ ಎರಡು ವರ್ಷ ಶಿವರತ್ನಮ್ಮ ಅಕ್ಕನನ್ನು ಸಣ್ಣ ಮನಸ್ಸಿನವಳು, ಮರ್ಯಾದೆಗೆ ಬಾಯಿ ಬಿಡುವವಳು ಎಂದು ಬೈದುಕೊಂಡಿದ್ದಳು. ಅಕ್ಕ ಇಷ್ಟು ದೊಡ್ಡ ನೋವನ್ನು ನುಂಗಿಕೊಂಡಿದ್ದಾಳೆಂದು ಕನಸಿನಲ್ಲೂ ಎಣಿಸಿರಲಿಲ್ಲ. ತಿಳಿದೋ ತಿಳಿಯದೆಯೋ ಎಂದು ಫೋನು ಬರೆದಿತ್ತು. ಏನು ತಪ್ಪು ಎಂದು ಅದಕ್ಕೂ ಗೊತ್ತಿರಲಿಲ್ಲ, ಬರೆಸಿದವಳಿಗೂ ಗೊತ್ತಿರಲಿಲ್ಲ.

“ಅಕ್ಕ, ಅದು ನನ್ ತಲೆಗೇ ಬರ್ನಿಲ್ಲ ಕಣಕ್ಕ” ಎಂದಳು. “ಯಳಂದೂರ್ಗೆ ಓಗ್ಬಂದ ಮಾರ್ನೇ ದಿನ ಇವ್ರಿಗೆ ಡೆಂಗಿ ಜ್ವರ. ಮೈಸೂರ್ ಆಸ್ಪತ್ರೆಗೆ ಸೇರ್ಸಿದ್ವಿ. ಬೆಂಚಿನ ಮೇಲ್ ಕೂತ್ಕಂಡು ಮಿಕ್ಕೋರ್ಗೆಲ್ಲ ಫೋನಲ್ಲೇ ಕಳ್ಸುದ್ದು. ನೀನು ಅಂದ್ರೆ ನಮ್ಮೋಳೇ ಅಲ್ವಾ, ಕರೀದಿದ್ರೂ ಬತ್ತಾಳೆ ಅಂದ್ಕಂಡ್ಬುಟ್ಟೆ. ಶುಭಕಾರ್ಯದಲ್ಲಿ ಕಾಯ್ಲೆ ಮಾತ್ಯಾಕೆ ಅಂತ ಜ್ವರದ್ ವಿಚಾರ ಯಾರ್ಗೂ ಯೋಳ್ನಿಲ್ಲ.”

“ಆಮೇಲಾದ್ರೂ ಯೋಳ್ಬೋದಿತ್ತಲ್ಲ.”

“ನೀನು ಫೋನೆತ್ನಿಲ್ಲ.”

“ಫೋನೆತ್ನಿಲ್ಲ ಅಂದ್ರೆ ಬರ್ಬೇಕು! ಸರ್ಕಾರ್ದೋರು ಎಂಗುಸ್ರಿಗೆ ಬಸ್ಸು ಪುಕ್ಸಟ್ಟೆ ಬುಟ್ಟವ್ರೆ. ಲೋಕದ್ ಎಂಗುಸ್ರೆಲ್ಲ ಧರ್ಮಸ್ಥಳಕ್ಕೆ ಓಗ್ಬಂದ್ರು. ನಿಂಗೆ ಕೊಳ್ಳೇಗಾಲದಿಂದ ಇಲ್ಗೆ ಬರಕ್ಕೆ ಎರಡ್ ವರ್ಸ ಬೇಕಾಯ್ತಾ?”

ಶಿವರತ್ನಮ್ಮ ಬ್ಯಾಗಿನಿಂದ ಎಲೆ ಅಡಿಕೆ, ಹಣ್ಣು, ಪತ್ರಿಕೆ ತೆಗೆದು, ಹುರುಳಿ ಹರಡಿದ್ದ ಚಾಪೆಯ ಪಕ್ಕದಲ್ಲಿ ನೆಲದ ಮೇಲೆ ಕೂತಳು. “ಸೋಮಾರ ನಾಗಿ ಮದ್ವೆ. ಮೊದ್ಲು ಅರಿಶ್ಣ ಆಕೋಳು ನೀನೇ ಆಗ್ಬೇಕು.”

“ನಾನಾ? ತಲೆ ಕೆಟ್ಟದಾ ನಿಂಗೆ? ಗಂಡಿನ ಕಡೆಯೋರು ನೋಡುದ್ರೆ ಏನಂದಾರು? ಜನ ಏನಂದಾರು?”

“ಜನಕ್ಕೆ ವಾಟ್ಸಾಪ್ಲಿ ಕಾರ್ಡ್ ಕಳ್ಸಿದ್ದೀನಿ. ಬಾಗ್ಲಿಗೆ ಬಂದಿರೋದು ನಿಂಗೊಬ್ಳಿಗೆ.”

ಪುಟ್ಟಬಸಮ್ಮ ಎಲೆ ಅಡಿಕೆಯನ್ನು ಅಲ್ಲೇ ಬಿಟ್ಟು ಒಳಗೆ ಹೋದಳು. ಕೋಮಲ ಚಿಕ್ಕತ್ತೆಯ ಪಕ್ಕ ಬಂದು ಕೂತು, ಹುರುಳಿಯಲ್ಲಿದ್ದ ಕಲ್ಲು ಆರಿಸತೊಡಗಿದಳು. ಒಳಗಿನಿಂದ ಪಾತ್ರೆಯ ಸದ್ದು, ಬೈಗುಳ ಒಟ್ಟೊಟ್ಟಿಗೆ ಕೇಳಿಸುತ್ತಿದ್ದವು. ಆಮೇಲೆ ತಟ್ಟೆ ಬಂತು. ರಾಗಿ ಮುದ್ದೆ, ಹುರುಳಿ ಬಸ್ಸಾರು. “ಉಣ್ಣು” ಎಂದಳು ಅಕ್ಕ. ಅಷ್ಟು ಹೇಳಿ ಮತ್ತೆ ಮುಖ ತಿರುಗಿಸಿ ಕೂತಳು. ಶಿವರತ್ನಮ್ಮ ತಲೆ ಬಗ್ಗಿಸಿ ಉಂಡಳು. ಸಾರಿಗೆ ಖಾರ ಜಾಸ್ತಿಯಾಗಿತ್ತು, ಆದರೂ ತಟ್ಟೆ ಖಾಲಿ ಮಾಡಿದಳು.

ಶಿವರತ್ನಮ್ಮ ಹೊರಟಾಗ ಪುಟ್ಟಬಸಮ್ಮ, ತಂಗಿ ಕರೆಯದಿದ್ದರೂ, ಬಸ್ ನಿಲ್ದಾಣದ ತನಕ ಹಿಂದೆಯೇ ಬಂದಳು. ದಾರಿಯುದ್ದಕ್ಕೂ ಬೈದಳು. ಗೃಹಪ್ರವೇಶದ ಬೈಗುಳ ಮುಗಿದು ತಿಥಿಯ ಪಂಕ್ತಿಗೆ ಬಂತು. “ನೀನು ಕರೀತೀಯ ಅಂತ ಆ ಸಾಲಲ್ಲಿ ಕೂತ್ಕಂಡು ನೋಡ್ತಾನೇ ಇದ್ದೆ. ನೀನು ಅಪ್ಳ ಮುರ್ಕಂಡು ತಿಂತಾ ಕೂತಿದ್ದೆ” ಎಂದಳು. ನಿಲ್ದಾಣದ ಕಟ್ಟೆಯ ಮೇಲೆ ಕೂತ ಮೇಲೆ ಬೈಗುಳ ಮದುವೆಯ ಕಡೆಗೆ ತಿರುಗಿತು.

“ಅಡ್ಗೆಗೆ ಯಾರ್ಗ್ ಯೋಳಿದ್ದಿಯೆ?”

“ಕಂಟ್ರಾಕ್ಟ್ ಅಕ್ಕ. ಕೊಳ್ಳೇಗಾಲದೋರೆ.”

“ಆ ಕಂಟ್ರಾಕ್ಟ್‌ನೋರು ಪಾಯ್ಸಕ್ಕೆ ನೀರುಯ್ತರೆ. ಮುಂದ್ ನಿಂತ್ಕಂಡು ನೋಡೋರು ಬ್ಯಾಡ್ವಾ? ಅರಿಶ್ಣ?”

“ಅಂಗ್ಡಿದು. ಪ್ಯಾಕೆಟ್ಟು.”

“ಪ್ಯಾಕೆಟ್ಟಂತೆ! ಮಗ ಬೆಳ್ದಿರೋ ಕೊಂಬು ಮೂಟೆಗಟ್ಲೆ ಅಟ್ಟದಲ್ಲಿ ಬಿದ್ದದೆ. ನಿಂಗೆ ಪ್ಯಾಕೆಟ್ಟು!”

ಬೆಟ್ಟದ ಕಡೆಯಿಂದ ಬಸ್ಸು ಬಂದು ನಿಂತಿತು. ಕಂಡಕ್ಟರ್ ಬಾಗಿಲಲ್ಲಿ ಬಗ್ಗಿ “ಕೊಳ್ಳೇಗಾಲ, ಕೊಳ್ಳೇಗಾಲ, ಬನ್ರಮ್ಮ” ಎಂದು ಕೂಗಿದ. ಶಿವರತ್ನಮ್ಮ ಬ್ಯಾಗು ತೆಗೆದುಕೊಂಡು ಎದ್ದಳು. ಬ್ಯಾಗು ಜೊತೆಗೆ ಬರಲಿಲ್ಲ. ಅದರ ಇನ್ನೊಂದು ಹಿಡಿ ಅಕ್ಕನ ಮುಷ್ಟಿಯಲ್ಲಿತ್ತು.

“ಕೂತ್ಕಳಮ್ಮಿ, ಮುಂದಿನ್ದು ಬತ್ತದೆ” ಎಂದಳು ಪುಟ್ಟಬಸಮ್ಮ. ಆಮೇಲೆ ಕಂಡಕ್ಟರ್ ಕಡೆ ಕೈಯಾಡಿಸಿದಳು. “ಓಗಪ್ಪ ನೀನು.”

ಕಂಡಕ್ಟರ್ ಗೊಣಗಿಕೊಂಡು ಸೀಟಿ ಊದಿದ. ಬಸ್ಸು ಹೊರಟಿತು. ಇಬ್ಬರೂ ಸೆರಗನ್ನು ಮೂಗಿಗೆ ಹಿಡಿದು ಧೂಳು ಇಳಿಯುವ ತನಕ ಕೂತರು. ಇಳಿದ ಮೇಲೆ ಅಕ್ಕ ಗಂಟಲು ಸರಿಮಾಡಿಕೊಂಡು, ಎಲ್ಲಿಗೆ ಬಿಟ್ಟಿದ್ದಳೋ ಅಲ್ಲಿಂದ ಬೈಯಲು ಶುರುಮಾಡಿದಳು.