ಎಲ್ಲಾದರೂ ನೋವಿದೆಯಾ?

ಪಿ.ಟಿ. ಮೇಷ್ಟ್ರ ತಲೆಗೆ ಏನಾದರೂ ಹೊಕ್ಕಿತೆಂದರೆ ಅದು ಮಕ್ಕಳ ಮೈಯಿಂದ ಬೆವರಾಗಿ ಇಳಿಯದೆ ಬಿಡುತ್ತಿರಲಿಲ್ಲ. ಆ ಸಲ ಹೊಕ್ಕಿದ್ದು ಇದು: ಪ್ರತಿಯೊಬ್ಬರೂ ತಮ್ಮ ಜೊತೆಗಾರರಿಗೆ ತಕ್ಕ ವ್ಯಾಯಾಮ ಯೋಜಿಸಬೇಕು, ಮೈದಾನದಲ್ಲಿ ಎಲ್ಲರೆದುರು ಮಾಡಿಸಬೇಕು.

"ಮೊದ್ಲು ನೋವು ಕೇಳಿ, ಆಮೇಲೆ ಕೆಲಸ ಹೇಳಿ. ನೋವಿದೆ ಅಂದ್ರೆ ಹಗುರವಾದದ್ದು ಕೊಡಿ. ಕೇಳದೆ ಮಾಡಿಸಿದೋರಿಗೆ ಸೊನ್ನೆ!"

ಜೊತೆ ಹಾಕಿದವರೂ ಅವರೇ. ಡ್ರಮ್ಮಿಗೆ ಕುದುರೆ.

ಡ್ರಮ್ಮು ಎಂದರೆ ತರಗತಿಯ ದಪ್ಪ ಹುಡುಗಿ. ಕುದುರೆ ಅವಳ ದೊಡ್ಡಪ್ಪನ ಮಗ, ಶಾಲೆಯ ಓಟಗಾರ. ಇಬ್ಬರದೂ ಒಂದೇ ಮನೆ. ಮನೆಯಲ್ಲಿ ಅವಳಿಗೆ ಇಟ್ಟ ಅಡ್ಡಹೆಸರನ್ನು ಶಾಲೆಗೆ ಹೊತ್ತು ತಂದು ಪುಕ್ಕಟೆ ಹಂಚಿದವನು ಅವನೇ.

ಮೊದಲು ಅವನ ಸರದಿ.

"ಎಲ್ಲಾದ್ರೂ ನೋವಿದ್ಯಾ, ಡ್ರಮ್ಮು?"

"ನೋವಿಲ್ಲ. ಜಾಸ್ತಿ ಆಡಿದ್ರೆ ಉಸಿರು ಕಟ್ಟುತ್ತಣ್ಣ."

"ಉಸಿರು ನೋವಲ್ಲ ಬಿಡು. ಡ್ರಮ್ಮು ಅಂದ್ಮೇಲೆ ಉರುಳ್ಬೇಕು. ಉರುಳು!"

ಈ ಗೋಲು ಕಂಬದಿಂದ ಆ ಗೋಲು ಕಂಬದವರೆಗೆ ಉರುಳಿದಳು. ತರಗತಿಯೆಲ್ಲ ತಾಳ ಹಾಕಿತು. ಜಲ್ಲಿಕಲ್ಲಿಗೆ ಮೊಣಕೈ ತರಚಿತು, ಅಂಗಿಯ ಹೊಲಿಗೆ ಬಿಟ್ಟಿತು. ನಗು ಬಂದ ಮೇಷ್ಟ್ರು ಸೀಟಿ ಬಾಯಿಗಿಟ್ಟು ಆ ಕಡೆ ತಿರುಗಿದರು. ಎದ್ದು ನಿಂತವಳು ಅಳಲಿಲ್ಲ. ಮಣ್ಣು ಕೊಡವಿಕೊಂಡು ಅಣ್ಣನ ಬಲಮಂಡಿಯನ್ನೇ ನೋಡಿದಳು.

ಆ ಮಂಡಿಯ ಗುಟ್ಟು ಇಡೀ ಶಾಲೆಯಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ದಿನಾ ಸಂಜೆ ಹಿಂದಿನ ಕೋಣೆಯಲ್ಲಿ ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ಅದಕ್ಕೆ ಶಾಖ ಕೊಡುತ್ತಿದ್ದವಳು ಅವಳೇ. "ಬಾಯಿ ಬಿಟ್ಟೀಯ, ಹುಷಾರ್! ನನ್ನ ಸೀಟು ಹೋಗುತ್ತೆ," ಎಂದು ಹೆದರಿಸಿ ಮಾಡಿಸಿಕೊಳ್ಳುತ್ತಿದ್ದ. ಸೀಟೆಂದರೆ ಕ್ರೀಡಾ ಹಾಸ್ಟೆಲಿನದು. ಅಲ್ಲಿಯ ತರಬೇತುದಾರ ಅಂದು ಹುಡುಗರನ್ನು ಆರಿಸಲೆಂದೇ ಬಂದು, ನೆರಳಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ.

ಅವಳು ಆ ಕುರ್ಚಿಗೂ ಕೇಳುವಂತೆ ಗಂಟಲೆತ್ತಿದಳು. "ಎಲ್ಲಾದ್ರೂ ನೋವಿದ್ಯಾ ಅಣ್ಣ?"

ಕುದುರೆಯ ಮುಖ ಬಿಳಿಚಿತು. "ಇಲ್ಲ."

"ಮಂಡಿ, ಗಿಂಡಿ?"

"ಇಲ್ಲ ಅಂದ್ನಲ್ಲೇ!"

"ಇನ್ನೊಂದ್ಸಲ ಯೋಚ್ನೆ ಮಾಡು. ನೋವಿದ್ರೆ ನಡಿಗೆ ಕೊಡ್ತೀನಿ."

"ನಡಿಗೆ ನಿಮ್ಮಜ್ಜಿಗೆ ಕೊಡು!"

ಅವಳ ಅಜ್ಜಿ ಅವನಿಗೂ ಅಜ್ಜಿಯೇ. ಎಲ್ಲರೂ ಘೊಳ್ಳೆಂದು ನಕ್ಕರು. ತರಬೇತುದಾರನೂ ನಕ್ಕ. ಡ್ರಮ್ಮೂ ನಕ್ಕಳು.

"ಹಾಗಾದ್ರೆ ಕಪ್ಪೆ ಜಿಗಿತ. ಮೈದಾನದ ಮೆಟ್ಟಿಲಿನ ಮೇಲೆ. ಹತ್ತು, ಇಳಿ. ನಾನು ಸಾಕು ಅನ್ನೋವರೆಗೂ."

"ಭೇಷ್! ಓಟಗಾರನಿಗೆ ತೊಡೆ ಗಟ್ಟಿ ಮಾಡೋ ಯೋಜನೆ ಅಂದ್ರೆ ಇದು," ಎಂದರು ಮೇಷ್ಟ್ರು.

ಕುದುರೆ ಜಿಗಿಯಿತು. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವನ ಪಾಡು: ನುಂಗುವಂತಿಲ್ಲ, ಉಗುಳುವಂತಿಲ್ಲ. ಇಳಿಯುವಾಗ ಪ್ರತಿ ಮೆಟ್ಟಿಲಿಗೂ ತುಟಿ ಕಚ್ಚುತ್ತಿದ್ದ. ಕೆಳಗೆ ಬಂದಾಗೆಲ್ಲ ತಂಗಿಯ ಮುಖ ನೋಡುತ್ತಿದ್ದ. ಅವಳು ಆಕಾಶ ನೋಡುತ್ತಿದ್ದಳು.

"ಸಾಕಾ ಡ್ರಮ್ಮು?" ಮೇಷ್ಟ್ರು ಕೇಳಿದರು.

"ಅಣ್ಣಂಗೆ ನೋವಿಲ್ವಲ್ಲ ಸಾರ್. ಇನ್ನೊಂಚೂರು."

ಆ ಇನ್ನೊಂಚೂರಿನಲ್ಲೇ ಮಂಡಿ ಲಟಕ್ಕೆಂದಿತು, ಅವನು ಮೆಟ್ಟಿಲ ಮೇಲೆ ಬೆನ್ನು ಬಡಿದು ಬಿದ್ದ. ನೆರಳಿನವರೆಗೂ ಸದ್ದು ಕೇಳಿಸಿತು. ಮೇಷ್ಟ್ರು ಓಡಿದರು. ತರಬೇತುದಾರ ಮಾತ್ರ ನಿಧಾನವಾಗಿ ಎದ್ದು, ಕುರ್ಚಿ ಮಡಚಿಟ್ಟು, "ಮುಂದಿನ ಹುಡುಗನ್ನ ಕರೀರಿ," ಎಂದ.

ಸಂಜೆ ಆಸ್ಪತ್ರೆಯಿಂದ ಕರೆತಂದು ಅವನನ್ನು ಹಿಂದಿನ ಕೋಣೆಯಲ್ಲಿ ಮಲಗಿಸಿದರು. ಇನ್ನು ಓಟದ ಮಾತೇ ಬೇಡವೆಂದು ವೈದ್ಯರು ಹೇಳಿ ಕಳಿಸಿದ್ದರು. ದೊಡ್ಡಮ್ಮ ಮೂಗು ಒರೆಸಿಕೊಳ್ಳುತ್ತ, "ಬೆನ್ನು ನೋಯುತ್ತಂತೆ ಕಣಮ್ಮ. ನಿನ್ನ ಕೈ ಮೆತ್ತಗಿದೆ, ಸ್ವಲ್ಪ ಶಾಖ ಕೊಡು," ಎಂದು ಬಿಸಿನೀರಿನ ಪಾತ್ರೆ ಇಟ್ಟು ಹೋದರು.

"ನೀನು ಬೇಕಂತ್ಲೇ ಮಾಡ್ದೆ," ಎಂದ ಅವನು, ಗೋಡೆಯ ಕಡೆ ತಿರುಗಿ.

"ಕೇಳಿದ್ನಲ್ಲಣ್ಣ. ಒಂದಲ್ಲ, ಮೂರು ಸಲ. ಹೂಂ ಅಂದಿದ್ರೆ ನಿಜವಾಗ್ಲೂ ನಡಿಗೆ ಕೊಡ್ತಿದ್ದೆ."

ಕೊಡುತ್ತಿದ್ದಳೋ ಇಲ್ಲವೋ, ಅವಳಿಗೂ ತಿಳಿಯದು. ಅವನು ಹೂಂ ಅನ್ನುವವನಲ್ಲ ಎಂಬುದು ಮಾತ್ರ ಚೆನ್ನಾಗಿ ತಿಳಿದಿತ್ತು. ಹಬೆಯಾಡುವ ಬಟ್ಟೆಯನ್ನು ಇಕ್ಕಳದಲ್ಲಿ ಎತ್ತಿ, ಹಿಂಡದೆ, ಹಾಗೇ ಅವನ ಬೆನ್ನಿಗಿಟ್ಟಳು.

"ಅಯ್ಯೋ! ಸುಡ್ತಿದೆ! ನೋಯ್ತಿದೆ ಕಣೇ!"

"ನೋಡ್ದಾ," ಎಂದಳು ಡ್ರಮ್ಮು, "ಹೇಳೋಕೆ ಬರುತ್ತೆ ನಿಂಗೆ."

ಮತ್ತೆ ಬಟ್ಟೆಯನ್ನು ನೀರಿಗೆ ಅದ್ದಿದಳು.