ಹಾರ್ಲನ್ ಹೆಸರಿನ ಪೆಟ್ಟಿಗೆ

ಕೊರಿಯರಿನವನು ಮೂರು ಉದ್ದನೆಯ ರಟ್ಟಿನ ಪೆಟ್ಟಿಗೆಗಳನ್ನು ಕೌಂಟರಿನ ಮೇಲಿಟ್ಟು, ಸಹಿ ಹಾಕಿಸಿಕೊಂಡು, ಬಾಗಿಲ ಬಳಿಯ ಫ್ಲಾಸ್ಕಿನಿಂದ ಒಂದು ಲೋಟ ಕಾಫಿ ಬಗ್ಗಿಸಿಕೊಂಡು ಹೊರಟುಹೋದ. ವರ್ನಾ ಟೆಸ್ಕೆ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಒಂದೊಂದರ ಮೇಲಿನ ವಿಳಾಸ ಓದಿದಳು. ಮೊದಲನೆಯದು ಶಾಲೆಯ ಡ್ರಾಯಿಂಗ್ ಮೇಷ್ಟ್ರದು. ಎರಡನೆಯದು ಹಾಲಿನ ಲಾರಿ ಓಡಿಸುವ ಪ್ರೊಕಾಪ್‌ನದು. ಮೂರನೆಯದರ ಮೇಲೆ ಹಾರ್ಲನ್ ನೈಗಾರ್ಡ್ ಎಂದಿತ್ತು.

ಅವಳು ಆ ಪೆಟ್ಟಿಗೆಯನ್ನು ಎತ್ತಿ ಕೌಂಟರಿನ ಕೆಳಗೆ, ತನ್ನ ಕಾಲಿನ ಹತ್ತಿರ ಇಟ್ಟಳು. ಉಳಿದೆರಡನ್ನು ಎಲ್ಲರಿಗೂ ಕಾಣುವ ಹಾಗೆ ಗೋಡೆಗೆ ಒರಗಿಸಿದಳು.

ವಿಸ್ಕಾನ್ಸಿನ್ನಿನ ಉತ್ತರ ಭಾಗದ ಆ ಊರಿನಲ್ಲಿ ವರ್ನಾಳ ಅಂಗಡಿ ಬಿಟ್ಟರೆ ಕೋವಿ ಮಾರುವ ಇನ್ನೊಂದು ಅಂಗಡಿ ಇರಲಿಲ್ಲ. ಗಂಡ ತೀರಿಕೊಂಡ ಮೇಲೆ ಅವಳೇ ನಡೆಸಿಕೊಂಡು ಬಂದಿದ್ದಳು. ಈಚೆಗೆ ವ್ಯಾಪಾರದ ರೀತಿ ಬದಲಾಗಿತ್ತು. ಜನ ಬರುತ್ತಿದ್ದರು, ಸ್ಟ್ಯಾಂಡಿನಿಂದ ರೈಫಲ್ ತೆಗೆಸಿ ಹೆಗಲಿಗೆ ಆನಿಸಿ ನೋಡುತ್ತಿದ್ದರು, ತಮ್ಮ ತೋಳಿನ ಉದ್ದಕ್ಕೆ ಯಾವುದು ಸರಿ ಎಂದು ಅವಳನ್ನೇ ಕೇಳುತ್ತಿದ್ದರು. ಆಮೇಲೆ ಯೋಚನೆ ಮಾಡಿ ಬರುತ್ತೇವೆ ಎಂದು ಮನೆಗೆ ಹೋಗಿ, ಅದನ್ನೇ ಫೋನಿನಲ್ಲಿ ಇನ್ನಷ್ಟು ಅಗ್ಗಕ್ಕೆ ತರಿಸುತ್ತಿದ್ದರು. ಆದರೆ ಬಂದೂಕು ಚಪ್ಪಲಿಯ ಹಾಗೆ ಮನೆ ಬಾಗಿಲಿಗೆ ಬರುವುದಿಲ್ಲ. ಆನ್‌ಲೈನಿನಲ್ಲಿ ಕೊಂಡದ್ದೂ ಪರವಾನಗಿ ಇರುವ ಯಾವುದಾದರೂ ಅಂಗಡಿಗೇ ಬರಬೇಕು. ಅಂಗಡಿಯವರು ಸರ್ಕಾರದವರಿಗೆ ಫೋನ್ ಮಾಡಿ, ಆಸಾಮಿಯ ಮೇಲೆ ಕೇಸು ಗೀಸು ಇಲ್ಲವೆಂದು ಖಾತ್ರಿ ಮಾಡಿಕೊಂಡು ಕೈಗೆ ಕೊಡಬೇಕು. ಹಾಗಾಗಿ ವರ್ನಾಳಿಂದ ತಪ್ಪಿಸಿಕೊಂಡು ಹೋದವರು ಸುತ್ತು ಹೊಡೆದು ವರ್ನಾಳ ಹತ್ತಿರವೇ ಬರುತ್ತಿದ್ದರು.

ಪ್ರೊಕಾಪ್ ಅದೇ ಮಧ್ಯಾಹ್ನ ಬಂದು, ಒಂಚೂರು ನಾಚಿಕೆಯಿಂದ ಪೆಟ್ಟಿಗೆ ಬಿಚ್ಚಿಸಿದ. ಕೊನೆಗೆ ನಿನ್ನ ಕೈಯಿಂದಲೇ ತಗೊಂಡ ಹಾಗಾಯಿತಲ್ಲ ಎಂದು ಸಮಾಧಾನ ಹೇಳಲು ನೋಡಿದ.

"ಹೂಂ ಕಣಯ್ಯ," ಎಂದಳು ವರ್ನಾ. "ನೋಡಿದ್ದು ನನ್ನ, ಕಟ್ಕೊಂಡಿದ್ದು ಇನ್ನೊಬ್ಬಳನ್ನ. ಈಗ ಹೆರಿಗೆ ಮಾಡ್ಸೋಕೆ ಮಾತ್ರ ನಾನು ಬೇಕು."

ಅಂಗಡಿಯಲ್ಲಿದ್ದವರು ನಕ್ಕರು. ವರ್ನಾ ನಗುತ್ತಲೇ ಸರ್ಕಾರದವರಿಗೆ ಫೋನ್ ಮಾಡಿದಳು. ಕೌಂಟರಿನ ಕೆಳಗೆ ಅವಳ ಕಾಲು ಆ ಇನ್ನೊಂದು ಪೆಟ್ಟಿಗೆಗೆ ತಾಗುತ್ತಲೇ ಇತ್ತು.

ಹಾರ್ಲನ್ ನೈಗಾರ್ಡ್ ಊರಿಗೆ ಕರೆಂಟು ಕೊಡುವ ವಿದ್ಯುತ್ ಸಹಕಾರ ಸಂಘದಲ್ಲಿ ಲೈನ್‌ಮನ್ ಆಗಿದ್ದವನು. ಹಿಮದ ಬಿರುಗಾಳಿಯಲ್ಲಿ ಕರೆಂಟು ಹೋದಾಗ ಕಂಬ ಹತ್ತುತ್ತಿದ್ದವನು ಅವನೇ ಆದ್ದರಿಂದ ಊರಿನಲ್ಲಿ ಅವನನ್ನು ಅರಿಯದ ಮನೆ ಇರಲಿಲ್ಲ. ಕಳೆದ ಚಳಿಗಾಲದಲ್ಲಿ ಅವನ ಜೊತೆ ಕೆಲಸ ಮಾಡುತ್ತಿದ್ದ ಟ್ರೆಂಟ್ ಎಂಬ ಯುವಕ, ಕರೆಂಟಿಲ್ಲ ಎಂದುಕೊಂಡಿದ್ದ ತಂತಿ ಮುಟ್ಟಿ ಹಾರ್ಲನ್ನನ ಕಣ್ಣೆದುರೇ ಸತ್ತ. ಯಾರೋ ತಮ್ಮ ಮನೆಯ ಜನರೇಟರನ್ನು ತಪ್ಪಾಗಿ ಜೋಡಿಸಿ ತಂತಿಗೆ ಕರೆಂಟು ಹರಿಸಿದ್ದರು. ಹಾರ್ಲನ್ನನದು ತಪ್ಪಿಲ್ಲವೆಂದು ವಿಚಾರಣೆಯಲ್ಲಿ ಹೇಳಿದರು. ಅವನು ತಲೆಯಾಡಿಸಿದ, ಆದರೆ ಕೆಲಸಕ್ಕೆ ಹೋಗಲಿಲ್ಲ. ಮಾರ್ಚಿನಲ್ಲಿ ಒಂದು ದಿನ ಹೆಂಡತಿ ಜೀನೆಟ್ ಚರ್ಚಿನಿಂದ ಬಂದಾಗ ಅವನು ಗ್ಯಾರೇಜಿನಲ್ಲಿ ಮೊಣಕಾಲ ಮೇಲೆ ಬಂದೂಕಿಟ್ಟುಕೊಂಡು ಕೂತಿದ್ದ. ಒರೆಸುತ್ತಿದ್ದೆ ಎಂದ. ಒರೆಸುವ ಬಟ್ಟೆ ಅಲ್ಲೆಲ್ಲೂ ಇರಲಿಲ್ಲ.

ಮಾರನೆಯ ದಿನ ಗಂಡ ಹೆಂಡತಿ ಇಬ್ಬರೂ ಸೇರಿ ಮನೆಯಲ್ಲಿದ್ದ ಬಂದೂಕುಗಳನ್ನೆಲ್ಲ ಕಂಬಳಿಯಲ್ಲಿ ಸುತ್ತಿಕೊಂಡು ವರ್ನಾಳ ಅಂಗಡಿಗೆ ತಂದರು. ಗ್ಯಾರೇಜಿನ ವಿಷಯ ಹೇಳಿದ್ದು ಬಿಟ್ಟರೆ ಮಾತು ಹೆಚ್ಚು ಆಡಲಿಲ್ಲ. ಬೇಕಾದಾಗ ಇಬ್ಬರೂ ಒಟ್ಟಿಗೆ ಬಂದು ಕೇಳುತ್ತೇವೆ, ಒಬ್ಬರೇ ಬಂದರೆ ಕೊಡಬೇಡ ಎಂದು ಜೀನೆಟ್ ಹೇಳಿದಳು. ಹಾರ್ಲನ್ ಕಿಟಕಿಯಾಚೆ ನೋಡುತ್ತ ಹೌದು ಎಂದ. ವರ್ನಾ ಅವನ್ನು ಹಿಂದಿನ ಕೋಣೆಯ ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಯಾರಿಗೂ ಹೇಳಲಿಲ್ಲ.

ಈಗ ಈ ಹೊಸದು.

ಅಂಗಡಿ ಮುಚ್ಚುವ ಹೊತ್ತಿಗೆ ಅವಳು ಜೀನೆಟ್‌ಗೆ ಫೋನ್ ಮಾಡಲು ಹೊರಟು, ಅರ್ಧ ನಂಬರು ಒತ್ತಿ ಇಟ್ಟುಬಿಟ್ಟಳು. ಗಿರಾಕಿ ತರಿಸಿಕೊಂಡದ್ದನ್ನು ಮನೆಯವರಿಗೆ ಹೇಳಿಬಿಡುವ ಅಂಗಡಿಯವಳಾಗಿ ಅವಳು ಎಂದೂ ಇರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಮೊದಲು ಅವನನ್ನು ಕೇಳದೆ ಅವನ ಬೆನ್ನ ಹಿಂದೆ ಹೋಗುವುದು ಅವಳಿಗೆ ಸರಿ ಕಾಣಲಿಲ್ಲ. ಪೆಟ್ಟಿಗೆಯನ್ನು ಬಂದ ದಾರಿಗೇ ವಾಪಸು ಕಳಿಸಿಬಿಡಬಹುದಿತ್ತು. ಆದರೆ ಬೇರೆ ಊರುಗಳಲ್ಲಿ ಬೇರೆ ಅಂಗಡಿಗಳಿದ್ದವು. ಅಲ್ಲಿಯವರಿಗೆ ಹಾರ್ಲನ್ ಯಾರೋ ಒಬ್ಬ ಸಭ್ಯ ಮುದುಕ, ಅಷ್ಟೆ.

ಅವಳು ಹಾರ್ಲನ್‌ಗೆ ಫೋನ್ ಮಾಡಿ ಪೆಟ್ಟಿಗೆ ಬಂದಿದೆ ಎಂದಳು. ಗೊತ್ತು, ಮೆಸೇಜು ಬಂತು, ಶುಕ್ರವಾರ ಬರುತ್ತೇನೆ ಎಂದ. ಆಮೇಲೆ ಕೇಳಿದ: "ಜೀನೆಟ್‌ಗೆ ಹೇಳಿದ್ದೀಯಾ?"

"ಇಲ್ಲ. ನೀನು ಹೇಳಿದ್ದೀಯಾ?"

ಆ ಕಡೆಯಿಂದ ಫೋನ್ ಇಟ್ಟ ಸದ್ದು ಕೇಳಿತು.

ಶನಿವಾರ ಜಿಂಕೆ ಬೇಟೆಯ ಸೀಸನ್ನು ಶುರುವಾಗುವುದಿತ್ತು. ಅದರ ಹಿಂದಿನ ಶುಕ್ರವಾರವೆಂದರೆ ವರ್ನಾಳಿಗೆ ವರ್ಷದ ದೊಡ್ಡ ವ್ಯಾಪಾರದ ದಿನ. ತೋಟಾ, ಕಾಡಿನಲ್ಲಿ ಮನುಷ್ಯನೆಂದು ದೂರದಿಂದಲೇ ಗುರುತು ಸಿಗುವ ಕಿತ್ತಳೆ ಬಣ್ಣದ ಟೊಪ್ಪಿ, ಕೈಗವಸು, ಬೇಟೆಯ ಪರವಾನಗಿ ಎಂದು ಬೆಳಗಿನಿಂದ ಜನ ಮುಗಿಬಿದ್ದಿದ್ದರು. ಸಹಾಯಕ್ಕೆ ನಾದಿನಿ ಲೂವೆಲ್ಲಾ ಬಂದಿದ್ದಳು. ಹಾರ್ಲನ್ ಮಧ್ಯಾಹ್ನ ಬಂದು ಎಲ್ಲರ ಹಿಂದೆ ಸಾಲಿನಲ್ಲಿ ನಿಂತ. ಕ್ಷೌರ ಮಾಡಿಕೊಂಡಿದ್ದ, ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಜನ ಅವನ ಬೆನ್ನು ತಟ್ಟಿ, ಈ ಸಲ ದೊಡ್ಡ ಕೊಂಬಿನದು ಹೊಡೀತೀಯಾ ಎಂದು ಕೇಳುತ್ತಿದ್ದರು. ನೋಡೋಣ ಎನ್ನುತ್ತಿದ್ದ. ವರ್ನಾ ಕೌಂಟರನ್ನು ಲೂವೆಲ್ಲಾಗೆ ಬಿಟ್ಟು, ಪೆಟ್ಟಿಗೆ ಎತ್ತಿಕೊಂಡು, ಅವನನ್ನು ರಿಪೇರಿ ಕೋಣೆಗೆ ಕರೆದಳು. ಬಾಗಿಲು ಹಾಕಿದಳು. ಪೆಟ್ಟಿಗೆ ಬಿಚ್ಚಲಿಲ್ಲ.

"ಫೋನ್ ಮಾಡಿ ವಿಚಾರಿಸ್ಕೋ," ಎಂದ ಹಾರ್ಲನ್, ನಿಂತುಕೊಂಡೇ. "ನನ್ನ ಮೇಲೆ ಒಂದೂ ಕೇಸಿಲ್ಲ."

"ಇಲ್ಲ ಅಂತ ನಂಗೂ ಗೊತ್ತು. ಅವ್ರು ಜೈಲಿಗೆ ಹೋಗಿದ್ನಾ ಅಂತ ನೋಡ್ತಾರೆ. ಗ್ಯಾರೇಜಲ್ಲಿ ಕೂತಿದ್ನಾ ಅಂತ ನೋಡಲ್ಲ."

ಅವನು ಮುಖ ಬಿಗಿದುಕೊಂಡ. "ಇದು ಜಿಂಕೆ ಸೀಸನ್ನು ಕಣಮ್ಮ. ಊರೆಲ್ಲ ಕಾಡಿಗೆ ಹೊರಟಿದೆ. ನಾನೇನು ಟಿವಿ ಮುಂದೆ ಕೂತು ಸ್ವೆಟರ್ ಹೆಣೀಲಾ?"

"ನಿನ್ನ ಕೋವಿಗಳು ಇದೇ ಗೋಡೆ ಆಚೆ ಇವೆ. ಜೀನೆಟ್ ಜೊತೆ ಬಂದು ಕೇಳಿದ್ರೆ ಎಣ್ಣೆ ಹಾಕಿ ಒರೆಸಿ ಕೊಡ್ತಿದ್ದೆ."

"ಹೆಂಡ್ತಿ ಕೈ ಹಿಡ್ಕೊಂಡು ಬಂದು ಆಟದ ಸಾಮಾನು ಕೇಳೋ ವಯಸ್ಸಾ ನಂದು?"

ವರ್ನಾಳಿಗೆ, ಅವನ ಜಾಗದಲ್ಲಿದ್ದಿದ್ದರೆ ತಾನೂ ಹಾಗೆಯೇ ಅನ್ನುತ್ತಿದ್ದೆನೇನೋ ಎನಿಸಿತು. ಹೊರಗೆ ಯಾರೋ ಲೂವೆಲ್ಲಾಳ ಹತ್ತಿರ ತೋಟಾದ ಬೆಲೆ ಚೌಕಾಸಿ ಮಾಡುತ್ತಿದ್ದರು. ಕೇಳಬೇಕಾದ ಪ್ರಶ್ನೆ ಒಂದೇ ಇತ್ತು. ಅದನ್ನು ಅವಳು ಜೀವಮಾನದಲ್ಲಿ ಯಾರನ್ನೂ ಕೇಳಿರಲಿಲ್ಲ. ಕೇಳಿದರೆ ಇಷ್ಟು ವರ್ಷದ ಸ್ನೇಹ ಅಲ್ಲಿಗೇ ಮುಗಿಯಬಹುದಿತ್ತು.

"ಹಾರ್ಲನ್, ಇದನ್ನ ಸಾಯೋಕೆ ತರಿಸಿದ್ಯಾ?"

ಅವನು ಬಾಗಿಲ ಕಡೆ ನೋಡಿದ. ಆಮೇಲೆ ಮೇಜಿನ ಮೇಲಿದ್ದ ಒಂದು ಸ್ಕ್ರೂ ತೆಗೆದುಕೊಂಡು ಬೆರಳುಗಳ ನಡುವೆ ತಿರುಗಿಸಿದ.

"ಆರ್ಡರ್ ಮಾಡಿದ ದಿನ ನಂಗೇ ಗೊತ್ತಿರ್ಲಿಲ್ಲ," ಎಂದ ಕೊನೆಗೆ. "ಇವತ್ತು ಆ ಯೋಚನೆ ಇಲ್ಲ."

"ನಾಳೆ?"

"ನಾಳೆದು ನಾನು ಹೆಂಗೆ ಹೇಳ್ಲಿ?"

"ಹಾಗಾದ್ರೆ ನಾನು ಕೊಡಲ್ಲ."

ಹಾರ್ಲನ್ ಸಿಟ್ಟಾದ. ದುಡ್ಡು ಕೊಟ್ಟು ಕೊಂಡ ವಸ್ತುವನ್ನು ಇಟ್ಟುಕೊಳ್ಳಲು ಅವಳಿಗೆ ಯಾವ ಹಕ್ಕಿದೆ ಎಂದು ಕೇಳಿದ. ಅಂಗಡಿ ತನ್ನದು, ಕೊಡಲ್ಲ ಅನ್ನುವ ಹಕ್ಕು ಕಾನೂನಿನಲ್ಲೇ ಇದೆ ಎಂದು ಅವಳು ಹೇಳಿದಳು. ಬೇರೆ ಅಂಗಡಿಗೆ ತರಿಸಿಕೊಳ್ಳುತ್ತೇನೆ ಎಂದ. ಯಾವ ಅಂಗಡಿ ಹೇಳು, ಅವರಿಗೂ ಈಗಲೇ ಫೋನ್ ಮಾಡುತ್ತೇನೆ ಎಂದಳು. ನಿನ್ನ ಗಂಡ ಇದ್ದಿದ್ದರೆ ಹೀಗೆ ಮಾಡುತ್ತಿರಲಿಲ್ಲ ಎಂದು ಹೇಳಿ ಅವನು ಸ್ಕ್ರೂವನ್ನು ಮೇಜಿನ ಮೇಲೆ ಬಿಸಾಡಿ, ಜನರ ನಡುವೆ ದಾರಿ ಮಾಡಿಕೊಂಡು ಹೊರಗೆ ಹೋದ.

ವರ್ನಾ ಪೆಟ್ಟಿಗೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ ಕೌಂಟರಿಗೆ ಬಂದಳು. ಯಾರಿಗೋ ಟೊಪ್ಪಿ ಕೊಟ್ಟಳು, ಚಿಲ್ಲರೆ ತಪ್ಪು ಕೊಟ್ಟಳು. ಕಿಟಕಿಯಿಂದ ನೋಡಿದರೆ ಹಾರ್ಲನ್ನನ ಟ್ರಕ್ಕು ಅಲ್ಲೇ ನಿಂತಿತ್ತು. ಎಂಜಿನ್ ಓಡುತ್ತಿತ್ತು, ಹೊಗೆ ಬರುತ್ತಿತ್ತು, ಟ್ರಕ್ಕು ಮಾತ್ರ ಕದಲುತ್ತಿರಲಿಲ್ಲ. ಅವಳು ಇನ್ನೊಬ್ಬ ಗಿರಾಕಿಯನ್ನು ಮುಗಿಸಿ ಮತ್ತೆ ನೋಡಿದಳು. ಅಲ್ಲೇ ಇತ್ತು. ಅವಳು ಕೋಟು ಹಾಕಿಕೊಂಡಳು. ಇಷ್ಟು ಜನ ಬಿಟ್ಟು ಎಲ್ಲಿಗೆ ಹೊರಟೆ ಎಂದು ಲೂವೆಲ್ಲಾ ಗೊಣಗಿದಳು.

ಟ್ರಕ್ಕಿನ ಬಾಗಿಲು ತೆಗೆದು ವರ್ನಾ ಅವನ ಪಕ್ಕದ ಸೀಟಿನಲ್ಲಿ ಕೂತಳು. ಹೀಟರು ಜೋರಾಗಿತ್ತು. ಅವನು ಇಳಿ ಎನ್ನಲಿಲ್ಲ. ಇಬ್ಬರೂ ಅಂಗಡಿಗೆ ಹೋಗಿಬರುವವರನ್ನು ಗಾಜಿನ ಮೂಲಕ ನೋಡುತ್ತ ಕೂತರು. ಪ್ರೊಕಾಪ್ ಕೈಬೀಸಿ ಹೋದ, ಇಬ್ಬರೂ ತಿರುಗಿ ಕೈಬೀಸಿದರು.

ಆಮೇಲೆ ಹಾರ್ಲನ್ ತಾನಾಗಿಯೇ ಮಾತಾಡಿದ. ನಿದ್ದೆ ಬರದೆ ಬೆಳಗಿನ ಜಾವ ಅಡುಗೆಮನೆಯಲ್ಲಿ ಕೂತು ಫೋನ್ ನೋಡುತ್ತಿದ್ದನಂತೆ. ಬಂದೂಕು ಕೊಳ್ಳುವುದು ಎಷ್ಟು ಸಲೀಸು ಎಂದು ಅವನಿಗೇ ಹೆದರಿಕೆಯಾಯಿತಂತೆ. ಯಾರೂ ಮುಖ ನೋಡುವುದಿಲ್ಲ, ಯಾಕೆ ಎಂದು ಕೇಳುವುದಿಲ್ಲ, ಒಳ್ಳೆಯ ಆಯ್ಕೆ ಎಂದು ಬೇರೆ ಬರುತ್ತದೆ.

"ಕೊನೇಲಿ ಯಾವ ಅಂಗಡಿಗೆ ಕಳಿಸ್ಬೇಕು ಅಂತ ಕೇಳ್ತು," ಎಂದ. "ಒಂದಷ್ಟು ಹೆಸರು ತೋರಿಸ್ತು. ಗೊತ್ತಿಲ್ಲದವರೇ ಜಾಸ್ತಿ."

"ನೀನು ನನ್ನದು ಒತ್ತಿದೆ."

"ನಿಂದು ಒತ್ತಿದೆ."

ವರ್ನಾ ಅದರ ಬಗ್ಗೆ ಇನ್ನೇನೂ ಕೇಳಲಿಲ್ಲ. ಜೀನೆಟ್‌ಗೆ ಫೋನ್ ಮಾಡು ಎಂದಳು. ನೀನೇ ಮಾಡು ಎಂದ. ಇಲ್ಲ, ನೀನು ಮಾಡಬೇಕು, ನಾನು ಇಲ್ಲೇ ಕೂತಿರುತ್ತೇನೆ ಎಂದಳು. ಅವನು ಫೋನ್ ಹೊರತೆಗೆದು ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದ. ಜೀನೆಟ್ ಫೋನ್ ಎತ್ತಿದಾಗ ಅವನಿಂದ ಬಂದದ್ದು ಇಷ್ಟೇ: "ವರ್ನಾ ಅಂಗಡಿ ಹತ್ರ ಇದ್ದೀನಿ. ಸ್ವಲ್ಪ ಬರ್ತೀಯಾ?"

ಜೀನೆಟ್ ಮನೆಯ ಚಪ್ಪಲಿಯಲ್ಲೇ ಕಾರು ಓಡಿಸಿಕೊಂಡು ಬಂದಳು. ಅಳಲಿಲ್ಲ. ಟ್ರಕ್ಕಿನ ಹತ್ತಿರ ನಿಂತು ಗಂಡನ ಕೋಟಿನ ಗುಂಡಿಗಳನ್ನು, ಅವು ಹಾಕಿಯೇ ಇದ್ದರೂ, ಇನ್ನೊಮ್ಮೆ ಬಿಚ್ಚಿ ಹಾಕಿದಳು. ಅಲ್ಲಿಂದಲೇ ಅವರಿಬ್ಬರೂ ಆಸ್ಪತ್ರೆಗೆ ಹೋದರು. ಅಲ್ಲಿ ಒಬ್ಬ ವೈದ್ಯೆ ಹಾರ್ಲನ್ನನ ಜೊತೆ ಕೂತು ಸಂಜೆಯವರೆಗೆ ಮಾತಾಡಿದಳೆಂದೂ, ಇನ್ನು ವಾರವಾರವೂ ಬರಬೇಕೆಂದು ಹೇಳಿದ್ದಾಳೆಂದೂ ಜೀನೆಟ್ ಆಮೇಲೆ ತಿಳಿಸಿದಳು. ಹೊಸ ರೈಫಲನ್ನು ವರ್ನಾ ಕಂಪನಿಗೆ ವಾಪಸು ಕಳಿಸಿದಳು. ವಸ್ತು ನಿಮಗೆ ಇಷ್ಟವಾಗದಿದ್ದುದಕ್ಕೆ ವಿಷಾದಿಸುತ್ತೇವೆ ಎಂದು ಕಂಪನಿಯವರು ಹಾರ್ಲನ್‌ಗೆ ಬರೆದರು.

ಮುಂದಿನ ಗುರುವಾರ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಕಳೆಯಿತು. ಹಾರ್ಲನ್ ಅಂಗಡಿಯ ಕಡೆ ಬರಲಿಲ್ಲ. ರಸ್ತೆಯಲ್ಲಿ ಒಮ್ಮೆ ಎದುರಾದಾಗ ಅವನು ಟ್ರಕ್ಕಿನಿಂದ ಕೈ ಎತ್ತಲಿಲ್ಲ. ಅವನ ಸಿಟ್ಟು ಹಾಗೆಯೇ ಉಳಿದರೂ ಉಳಿಯಬಹುದು ಎಂದು ವರ್ನಾ ತನಗೆ ತಾನೇ ಹೇಳಿಕೊಂಡಳು. ಉಳಿಯಲಿ, ಸಿಟ್ಟು ಮಾಡಲು ಅವನಿದ್ದರೆ ಸಾಕು.

ಭಾನುವಾರ ಸೀಸನ್ನಿನ ಕೊನೆಯ ದಿನ. ಅಂಗಡಿಗೆ ರಜೆ. ಪ್ರೊಕಾಪ್ ಮತ್ತು ಅವನ ಗೆಳೆಯರು ದೇವದಾರು ಮರಗಳ ಜೌಗಿನಿಂದ ಜಿಂಕೆ ಎಬ್ಬಿಸಿ ಓಡಿಸುವುದೆಂದು ಗೊತ್ತುಮಾಡಿದ್ದರು. ಕೆಲವರು ಬರಿಗೈಯಲ್ಲಿ ಸದ್ದು ಮಾಡುತ್ತ ಒಳಗಿನಿಂದ ಬರಬೇಕು, ಉಳಿದವರು ಆ ತುದಿಯಲ್ಲಿ ಕೋವಿ ಹಿಡಿದು ಕಾಯಬೇಕು. ಆ ತುದಿಯಲ್ಲಿ ಕಾಯಲು ವರ್ನಾಳನ್ನು ಕರೆದರು. ಎಬ್ಬಿಸಲು ಯಾರು ಯಾರು ಹೋಗುತ್ತಾರೆ ಎಂದು ಕೇಳಿದಾಗ ಪ್ರೊಕಾಪ್ ತನ್ನ ಅಳಿಯನ ಹೆಸರು ಹೇಳಿದ, ಮೇಷ್ಟ್ರ ಹೆಸರು ಹೇಳಿದ, ಆಮೇಲೆ ಹಾರ್ಲನ್ನನದು. ಜೀನೆಟ್ಟೇ ಅವನನ್ನು ತಂದು ಬಿಟ್ಟುಹೋಗಿದ್ದಾಳೆ ಎಂದ.

ವರ್ನಾ ಜೌಗಿನ ಅಂಚಿನಲ್ಲಿ, ಬಿದ್ದ ಮರವೊಂದರ ಪಕ್ಕ ನಿಂತಳು. ತೆಳುವಾಗಿ ಹಿಮ ಬಿದ್ದಿತ್ತು. ಮೊದಲು ಏನೂ ಕೇಳಿಸಲಿಲ್ಲ. ಆಮೇಲೆ ದೂರದಲ್ಲಿ ಮೇಷ್ಟ್ರು ಯಾವುದೋ ಡಬ್ಬ ಬಡಿಯುವ ಸದ್ದು, ಪ್ರೊಕಾಪ್‌ನ ಅಳಿಯನ ಸಿಳ್ಳು. ಅವಳ ಎದುರಿನ ಭಾಗದಿಂದ ಇನ್ನೊಂದು ದನಿ ಬರತೊಡಗಿತು. ಅದು ಕೂಗಿನ ಹಾಗಿರಲಿಲ್ಲ. ಕಾಯುವವರಿಗೆ ತಾನು ಎಲ್ಲಿದ್ದೇನೆಂದು ತಿಳಿಯಲೆಂದು, ಹಾರ್ಲನ್ ನಾಲ್ಕು ಹೆಜ್ಜೆಗೊಮ್ಮೆ ಹೇಳುತ್ತಿದ್ದ.

"ಬರ್ತಾ ಇದ್ದೀನಿ."

ತೆಳು ಮಂಜುಗಡ್ಡೆ ಕಾಲಡಿಗೆ ಮುರಿಯುವುದು ಕೇಳಿತು.

"ಬರ್ತಾ ಇದ್ದೀನಿ."

ಒಂದು ಹೆಣ್ಣು ಜಿಂಕೆ ಮರಗಳಿಂದ ಹೊರಗೆ ಬಂದು ನಿಂತಿತು. ಕಿವಿಗಳೆರಡನ್ನೂ ಆ ದನಿಯ ಕಡೆಗೆ ತಿರುಗಿಸಿತ್ತು. ಗುಂಡಿಗೆ ಸಿಗುವ ದೂರದಲ್ಲಿತ್ತು, ಪಕ್ಕೆ ಪೂರ್ತಿ ಕಾಣುತ್ತಿತ್ತು. ಆದರೆ ಅದರ ಹಿಂದೆ, ಅದೇ ನೇರಕ್ಕೆ ಮನುಷ್ಯನಿದ್ದ. ವರ್ನಾ ರೈಫಲಿನ ಬಾಯನ್ನು ನೆಲಕ್ಕೆ ಇಳಿಸಿದಳು. ಜಿಂಕೆ ಅವಳನ್ನು ನೋಡಿತು, ಹಳ್ಳ ಹಾರಿ ಆಚೆ ಹೋಯಿತು. ಅವಳು ಅದು ಹೋದ ಕಡೆ ತಿರುಗಲಿಲ್ಲ. ದನಿ ಹತ್ತಿರವಾಗುತ್ತ ಬಂತು, ಏದುಸಿರು ಕೇಳುವಷ್ಟು ಹತ್ತಿರವಾಯಿತು. ಆಮೇಲೆ ದೇವದಾರು ಕೊಂಬೆಗಳ ನಡುವೆ ಕಿತ್ತಳೆ ಬಣ್ಣದ ಟೊಪ್ಪಿ ಕಂಡಿತು. ಕಂಡು, ಮರೆಯಾಗಿ, ಮತ್ತೆ ಕಂಡಿತು.