ತೇಲಿದ ಹನಿಗಳು

ಆ ಮಳೆಗಾಲದಲ್ಲಿ ರುದ್ರವ್ವ ಸುರಪುರದ ಕಡೆಯ ತನ್ನ ಹಳ್ಳಿಯಿಂದ ಪುಣೆಗೆ ಬಂದದ್ದು ಸೊಸೆಯ ಬಾಣಂತನಕ್ಕೆ. ಸಾಬವ್ವನಿಗೆ ತಾಯಿ ಇರಲಿಲ್ಲ. ಈಗ ಏಳು ತಿಂಗಳು ತುಂಬಿತ್ತು. ಅವಳೂ ಗಂಡ ಪ್ರೇಮಕುಮಾರನೂ ವಿಮಾನ ನಗರದಲ್ಲಿ ಏಳುತ್ತಿದ್ದ ಒಂದು ಕಟ್ಟಡದ ಕೆಲಸಕ್ಕಿದ್ದರು. ಕಟ್ಟಡದ ಹಿಂದೆಯೇ ತಗಡಿನ ಗುಡಿಸಲುಗಳ ಸಾಲು. ಲಿಫ್ಟಿಗೆಂದು ತೋಡಿದ ಗುಂಡಿಯಲ್ಲಿ, ಹೊಸ ಸ್ಲ್ಯಾಬಿನ ಮೇಲೆ, ಎಲ್ಲೆಲ್ಲೂ ನೀರು ನಿಂತಿತ್ತು. ಸಂಜೆಯಾದರೆ ಸೊಳ್ಳೆಗಳು ಮುಖಕ್ಕೇ ಮುತ್ತುತ್ತಿದ್ದವು.

ಸೊಸೆಯನ್ನು ನೋಡಿ ರುದ್ರವ್ವನಿಗೆ ಸಿಟ್ಟು ಬಂತು. ಸಾಬವ್ವ ನಾಲ್ಕು ಬುಟ್ಟಿ ಹೊತ್ತು ಗೋಡೆಗೊರಗಿ ಕೂತುಬಿಡುತ್ತಿದ್ದಳು. ಯಾರೂ ಇಲ್ಲದಾಗ ಇಟ್ಟಂಗಿಯ ಚೂರು ಬಾಯಿಗೆ ಹಾಕಿಕೊಳ್ಳುತ್ತಿದ್ದಳು.

"ನಾನೂ ಬಸುರಿದ್ದಾಗ ಹೊಲದ ಕಳೆ ತೆಗದೀನಿ. ನೀ ಹಿಂಗ ಕುಂತ್ರ ಹೆಂಗ?" ಎಂದಳು ರುದ್ರವ್ವ.

"ಎದಿ ಹೊಡ್ಕೋತದ ಅತ್ತಿ. ಕಣ್ಣಿಗಿ ಕತ್ತಲಿ ಬರ್ತದ."

"ಎಲ್ಲಾರಿಗೂ ಬರ್ತದ."

ಚಳಿಜ್ವರ ಎರಡು ಸಲ ಬಂದು ಹೋಗಿತ್ತು ಎಂದು ಸಾಬವ್ವ ಹೇಳಿರಲಿಲ್ಲ. ಆ ಸಾಲಿನಲ್ಲಿ ಅದು ಹೇಳುವಂಥ ಸುದ್ದಿಯೇ ಆಗಿರಲಿಲ್ಲ. ಎಲ್ಲರೂ ನಡುಗುತ್ತಿದ್ದರು, ಸೂಜಿ ಹಾಕಿಸಿಕೊಳ್ಳುತ್ತಿದ್ದರು, ಬೆವರು ಬಿಟ್ಟರೆ ಮತ್ತೆ ಕೆಲಸಕ್ಕೆ ಹೋಗುತ್ತಿದ್ದರು.

ಮೂರನೆಯ ಸಲ ಬಂದ ಜ್ವರ ಬಿಡಲಿಲ್ಲ. ಒಂದು ಬೆಳಿಗ್ಗೆ ಬಚ್ಚಲಿಗೆ ಹೋದ ಸಾಬವ್ವ ಅಲ್ಲೇ ಬಿದ್ದಳು. ಎತ್ತಲು ಹೋದ ರುದ್ರವ್ವ ಅವಳ ಉಗುರು ನೋಡಿದಳು. ಸುಣ್ಣದ ಹಾಗೆ ಬೆಳ್ಳಗಿದ್ದವು. ತುಟಿಗೂ ಕೆನ್ನೆಗೂ ಬಣ್ಣದ ವ್ಯತ್ಯಾಸವೇ ಇರಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಮರಾಠಿಯಲ್ಲಿ ಹೇಳಿದ್ದನ್ನು ಸೊಲ್ಲಾಪುರದ ಕಡೆಯ ನರ್ಸು ಸಾವಿತ್ರಿಬಾಯಿ ಕನ್ನಡದಲ್ಲಿ ತಿಳಿಸಿದಳು. "ಮಲೇರಿಯಾ ಅದ. ಅದರ ಹುಳ ರಕ್ತದಾಗಿನ ಕೆಂಪು ಕಣದೊಳಗ ಹೊಕ್ಕು, ಒಡದು ಹೊರಗ ಬರ್ತಾವ. ಆಕಿ ಮೈಯಾಗ ರಕ್ತ ಉಳದಿಲ್ರಿ. ರಕ್ತ ಹೆಪ್ಪುಗಟ್ಟಸೂ ಕಣಾನೂ ಕಡಿಮಿ ಆಗ್ಯಾವ. ಈಗ ಹೆರಿಗಿ ಆದ್ರ ರಕ್ತ ನಿಲ್ಲಸೂದು ಕಷ್ಟ. ನಿಮ್ಮವರು ಯಾರರೆ ಬಂದು ರಕ್ತ ಕೊಡ್ರಿ. ಬದಲಿಗಿ ಆಕಿಗಿ ಹೊಂದೂ ರಕ್ತ ಬ್ಲಡ್ ಬ್ಯಾಂಕಿನವರು ಕೊಡ್ತಾರ."

ಪ್ರೇಮಕುಮಾರ ಓಡಿಹೋಗಿ ಗುಡಿಸಲು ಸಾಲಿನ ಗಂಡಸರನ್ನು ಟೆಂಪೊದಲ್ಲಿ ಕರೆತಂದ. ಮುಂದೆ ನಿಂತವನು ಅವ್ವಣ್ಣ, ಸಾಬವ್ವನ ತಮ್ಮ. ಬ್ಲಡ್ ಬ್ಯಾಂಕಿನಲ್ಲಿ ಬೆರಳು ಚುಚ್ಚಿ, ಒಂದು ಹನಿಯನ್ನು ನೀಲಿ ನೀರಿನ ಗಾಜಿನ ಲೋಟಕ್ಕೆ ಬಿಡುತ್ತಿದ್ದರು. ಮುಳುಗಿದರೆ ಒಳ್ಳೆಯ ರಕ್ತ. ಅವ್ವಣ್ಣನ ಹನಿ ಮೇಲೆಯೇ ತೇಲಿತು. ಪ್ರೇಮಕುಮಾರನದೂ ತೇಲಿತು. ಉಳಿದವರಲ್ಲಿ ಕೆಲವರದು ತೇಲಿತು. ಮುಳುಗಿದವರನ್ನು ಇತ್ತೀಚೆಗೆ ಜ್ವರ ಬಂದಿತ್ತೇ ಎಂದು ಕೇಳಿದರು. ಬಂದಿತ್ತು. ಅವರನ್ನೂ ವಾಪಸು ಕಳಿಸಿದರು. ಸಿಮೆಂಟು ಚೀಲ ಹೊರುವ ಗಂಡಸರು ಬೆರಳಿಗೆ ಹತ್ತಿ ಒತ್ತಿಕೊಂಡು ಗೋಡೆಯ ಪಕ್ಕ ನಿಂತರು.

"ನಂದು ನೋಡ್ರಿ," ಎಂದಳು ರುದ್ರವ್ವ.

"ಬ್ಯಾಡ ಯವ್ವ, ವಯಸ್ಸಾಗ್ಯಾದ ನಿನಗ," ಎಂದ ಪ್ರೇಮಕುಮಾರ.

"ಸುಮ್ಕಿರು. ನಾ ಮೊನ್ನಿ ಬಂದೀನಿ ಇಲ್ಲಿಗಿ, ಜ್ವರ ಬಂದಿಲ್ಲ ನನಗ."

ಅವಳ ಹನಿ ನೇರವಾಗಿ ತಳಕ್ಕಿಳಿಯಿತು. ಸೂಜಿ ಚುಚ್ಚಿದರು. ಚೀಲ ತುಂಬುವವರೆಗೂ ಕಣ್ಣು ಮುಚ್ಚಿಯೇ ಮಲಗಿದ್ದಳು. ಎಲ್ಲಾರಿಗೂ ಬರ್ತದ ಎಂದು ತಾನು ಅಂದದ್ದು ಕಿವಿಯಲ್ಲಿ ಕೇಳುತ್ತಲೇ ಇತ್ತು.

ಮೂರು ಬಾಟಲಿ ಬೇಕಾಗಿತ್ತು. ರುದ್ರವ್ವನದಕ್ಕೆ ಬದಲಾಗಿ ಒಂದು ಸಿಕ್ಕಿತು; ಡಾಕ್ಟರು ಯಾರು ಯಾರಿಗೋ ಫೋನು ಮಾಡಿ ಇನ್ನೊಂದು ತರಿಸಿದರು. ಎರಡನೆಯದು ಏರುತ್ತಿದ್ದಾಗಲೇ ನೋವು ಶುರುವಾಯಿತು. ಕೂಸು ಅಳಲಿಲ್ಲ. ಸಾಬವ್ವನ ರಕ್ತ ನಿಲ್ಲದೆ ಹರಿಯಿತು, ಕೊನೆಗೆ ನಿಂತಿತು. ಜೀವ ಉಳಿಯಿತು.

ಕೂಸನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟರು. ರುದ್ರವ್ವ ಅದಕ್ಕೆ ನೀರು ಹಾಕಿ, ಅವ್ವಣ್ಣನ ಜೊತೆ ಹೋಗಿ ಮಣ್ಣು ಮಾಡಿ ಬಂದಳು.

ಸಾಬವ್ವನನ್ನು ಆಸ್ಪತ್ರೆಯಿಂದ ಬಿಡುವ ದಿನ ಗುಡಿಸಲಿಗೆ ಕರೆದೊಯ್ಯಲು ಪ್ರೇಮಕುಮಾರ ರಿಕ್ಷಾ ತಂದ. ರುದ್ರವ್ವ ಹತ್ತಲಿಲ್ಲ.

"ಆ ನಿಂತ ನೀರಿನ ಬಾಜೂಕ ಆಕೀನ್ನ ಮತ್ತ ಮಲಗಸಂಗಿಲ್ಲ. ಊರಿಗಿ ಒಯ್ತೀನಿ. ನೀನೂ ಬಾ."

"ಸ್ಲ್ಯಾಬ್ ಹಾಕ್ಲಾಕತ್ಯಾರ ಯವ್ವ. ಈಗ ಬಿಟ್ರ ಮತ್ತ ಕರ್ಕೊಳ್ಳಂಗಿಲ್ಲ."

"ನಿನ್ನ ರಕ್ತಾನೂ ತೇಲ್ಯಾದ."

ಅವನು ರಿಕ್ಷಾದವನಿಗೆ ಸ್ಟೇಷನ್ನಿಗೆ ಹೋಗಲು ಹೇಳಿದ.

ಯಾದಗಿರಿಗೆ ಹೋಗುವ ರೈಲಿನಲ್ಲಿ ಅವನೇ ಇಬ್ಬರಿಗೂ ಜಾಗ ಹಿಡಿದು ಕೊಟ್ಟ. ಕಿಟಕಿಯಿಂದ ಗುಳಿಗೆಯ ಪೊಟ್ಟಣ ಕೊಡುವಾಗ ಅವನ ಕೈ ರುದ್ರವ್ವನಿಗೆ ತಗುಲಿತು. ಕಾದಿತ್ತು.

"ಜ್ವರ ಅದ ನಿನಗ."

"ಬಿಸಿಲಿಗಿ, ಯವ್ವ," ಎಂದ. ಹೊರಗೆ ಮಳೆ ಹನಿಯುತ್ತಿತ್ತು. "ದವಾಖಾನಿಗಿ ಹೋಗ್ತೀನಿ. ನೀ ಹೋಗು."

ಇಳಿಯಬೇಕೆಂದು ರುದ್ರವ್ವ ಎದ್ದಳು. ಹೆಗಲ ಮೇಲಿದ್ದ ಸಾಬವ್ವನ ತಲೆ ಜಾರಿತು, ಮತ್ತೆ ಕೂತಳು. ರೈಲು ಹೊರಟಿತು.

ದೌಂಡ್ ದಾಟಿದ ಮೇಲೆ ಸಾಬವ್ವ ಮೊದಲ ಸಲ ಕೂಸಿನ ಮಾತು ತೆಗೆದಳು. "ಹೆಂಗಿತ್ತು ಅತ್ತಿ?"

"ಗಂಡು. ತಲಿತುಂಬ ಕೂದಲಿತ್ತು."

"ಬೆಳ್ಳಗಿತ್ತೇನು?"

ರುದ್ರವ್ವ ಕಿಟಕಿಯ ಹೊರಗೆ ನೋಡಿದಳು.

"ಹೂಂ," ಎಂದಳು. "ಭಾಳ ಬೆಳ್ಳಗಿತ್ತು."